ಲೈನ್‌ಮನ್‌ಗೂ ಚಳಿ ಆಗುತ್ತದೆ

ಮಂಡ್ಯದ ಕಡೆ ಚಳಿ ಏನು ಮಹಾ ಎಂದು ಕೇಳುವವರು ಧನುರ್ಮಾಸದ ಬೆಳಗ್ಗೆ ಆರು ಗಂಟೆಗೆ ನೀರು ನಿಂತ ಗದ್ದೆಯಲ್ಲಿ ಲೈಟು ಕಂಬ ಹತ್ತಿ ನೋಡಬೇಕು. ನಾನು ಲೈನ್‌ಮನ್. ಪ್ರತಿ ಚಳಿಗಾಲ ನನಗೆ ಏನಾದರೊಂದು ಮಾಡಿಯೇ ಹೋಗುತ್ತದೆ.

ಮೂರು ಸ್ವೆಟರು

ಕೆಲಸಕ್ಕೆ ಸೇರಿದ ಮೊದಲ ವರ್ಷ ಹೆಂಡತಿ ಒಂದರ ಮೇಲೊಂದು ಮೂರು ಸ್ವೆಟರು ತೊಡಿಸಿ ಕಳಿಸಿದಳು. ಹನಕೆರೆ ಹತ್ತಿರ ಕಂಬದ ಬುಡದಲ್ಲಿ ನಿಂತು ನೋಡಿದರೆ ಸೊಂಟಕ್ಕೆ ಸೇಫ್ಟಿ ಬೆಲ್ಟೇ ಸುತ್ತುತ್ತಿಲ್ಲ. ಎರಡು ಬಿಚ್ಚಿ ಜೊತೆಯವನ ಕೈಗೆ ಕೊಟ್ಟು ಹತ್ತಿದೆ. ಮುಕ್ಕಾಲು ಗಂಟೆ ಬಿಟ್ಟು ನಡುಗುತ್ತಾ ಇಳಿದರೆ ಎರಡನ್ನೂ ಅವನೇ ತೊಟ್ಟು ಬೀಡಿ ಸೇದುತ್ತಿದ್ದಾನೆ. ಕೊಡು ಎಂದೆ.

"ಇರ್ಲಾ, ಈಗ ಬಿಚ್ಚುದ್ರೆ ನಂಗೆ ಸೀತ ಆಯ್ತದೆ."

ಬೆಂಕಿ

ಸೋಮನಹಳ್ಳಿ ಕಡೆ ಇನ್ನೊಂದು ಸಲ. ಬೆರಳು ಮಡಚಲೂ ಆಗದಷ್ಟು ಚಳಿ. ಲೈನು ಆಫ್ ಮಾಡಿ, ಬದುವಿನ ಮೇಲೆ ಕಬ್ಬಿನ ಒಣ ಗರಿ ಗುಡ್ಡೆ ಹಾಕಿ ನಾನೂ ಜೊತೆಯವನೂ ಬೆಂಕಿ ಕಾಯಿಸುತ್ತಾ ಕೂತೆವು. ಗಾಳಿ ಬೀಸಿತು. ಕಿಡಿ ಸೀದಾ ಬೆಳೆದು ನಿಂತ ಕಬ್ಬಿನ ಕಡೆಗೆ ಹಾರಿತು. ಓಡಿಬಂದ ಗದ್ದೆ ಯಜಮಾನನಿಗೆ, ಬೇಗ ಮೋಟಾರು ಹಾಕಣ್ಣ ಎಂದೆ.

"ಕರೆಂಟು ತೆಗ್ದಿರೋರು ನೀವೇ ಕಣಪ್ಪ," ಎಂದ.

ಮೂವರೂ ಗೋಣಿಚೀಲವನ್ನು ಕಾಲುವೆಯಲ್ಲಿ ಅದ್ದಿ ಅದ್ದಿ ಬಡಿದೆವು. ದೇವರು ದೊಡ್ಡವನು, ಒಂದು ಜಲ್ಲೆಯೂ ಸುಡಲಿಲ್ಲ. ಯಜಮಾನ ಉಸಿರು ಬಿಟ್ಟು ಕೂತು ಹೇಳಿದ: "ನಾಳೆಯಿಂದ ನಮ್ಮನೆ ಒಲೆ ಮುಂದೆ ಬಂದು ಕೂತ್ಕಳಿ. ಕಬ್ಗೇನೂ ಚಳಿ ಆಗಿರ್ನಿಲ್ಲ."

ಅಜ್ಜಿಯ ಚಿಕಿತ್ಸೆ

ಇದು ಹೋದ ವರ್ಷದ್ದು, ಮಳವಳ್ಳಿಯಿಂದ ಬ್ಲಫ್ ಪವರ್‌ಹೌಸಿಗೆ ಹೋಗುವ ದಾರಿಯ ಹಳ್ಳಿಯಲ್ಲಿ. ಕೆಲಸ ಮುಗಿಸಿ, ಟ್ರಾನ್ಸ್‌ಫಾರ್ಮರ್ ಸುತ್ತಲಿನ ಕಬ್ಬಿಣದ ಬೇಲಿ ಹಿಡಿದು ಸುಧಾರಿಸಿಕೊಳ್ಳುತ್ತಿದ್ದೆ. ಮೈಯೆಲ್ಲ ಗಡಗಡ, ಹಲ್ಲು ಕಟಕಟ, ಬಾಯಿಂದ ಮಾತೇ ಹೊರಡದು. ಡೈರಿಗೆ ಹಾಲು ಹಾಕಲು ಹೊರಟಿದ್ದ ಅಜ್ಜಿಯೊಂದು ನನ್ನನ್ನು ನೋಡಿತು. ನನಗೆ ಕರೆಂಟು ಹಿಡಿದುಕೊಂಡಿದೆ ಎಂದೇ ತಿಳಿದುಕೊಂಡಿತು. ಹಿಡಿದವರನ್ನು ಕೈಯಿಂದ ಮುಟ್ಟಬಾರದು, ಒಣಗಿದ ಮರದಿಂದ ಬಿಡಿಸಬೇಕು ಎಂದು ಅದಕ್ಕೆ ಯಾರೋ ಹೇಳಿಕೊಟ್ಟಿದ್ದರು. ಹಾಲಿನ ಕ್ಯಾನು ಕೆಳಗಿಟ್ಟು, ಅಲ್ಲೇ ಬಿದ್ದಿದ್ದ ದೊಣ್ಣೆ ಎತ್ತಿಕೊಂಡು ಬಂದು ಕೈಗೆರಡು, ಬೆನ್ನಿಗೆ ನಾಲ್ಕು ಬಿಟ್ಟಿತು. ನಾನು ಹೋಗಿ ಕೆಸರಿಗೆ ಬಿದ್ದೆ.

ಅಜ್ಜಿ ಪಕ್ಕದಲ್ಲೇ ಕುಕ್ಕರಿಸಿ, ಅಳುತ್ತಾ, ಉಸಿರಾಡುತ್ತಿದ್ದೇನೋ ಇಲ್ಲವೋ ಎಂದು ನನ್ನ ಮೂಗಿಗೆ ಕೈ ಹಿಡಿಯಿತು. ಅಷ್ಟರಲ್ಲಿ ನನಗೆ ಬಾಯಿ ಬಂತು.

"ಕರೆಂಟಲ್ಲ ಕಣಜ್ಜಿ... ಚಳಿ."

ಬದುಕಿದ್ದೇನೆ ಎಂದು ಖಾತ್ರಿಯಾದ ಮೇಲೆ ಅಜ್ಜಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ದೊಣ್ಣೆ ಪಕ್ಕಕ್ಕಿಟ್ಟು ಕೇಳಿತು:

"ಈಗ ಚಳಿ ಬುಡ್ತಾ ಮಗ?"