ಭರಮನ ಕವಚವನ್ನು ನಾನು ಕಾಪಾಡಿದ ಬಗೆ

ಆಗ ನನಗೆ ಅರವತ್ತೆರಡು ವರ್ಷ. ಇದು ನಡೆದು ಹದಿನೇಳು ವರ್ಷವಾಯಿತು. ಅಂದಿನವರೆಗೆ ನನ್ನ ಕೈಗೆ ಬಂದ ಯಾವ ಸಾಮಾನೂ ಕೆಟ್ಟಿರಲಿಲ್ಲ. ಮದುವೆಯಲ್ಲಿ ಸಂಪಗಾಂವದ ತವರಿನಿಂದ ತಂದ ಕುಡಗೋಲು ಇನ್ನೂ ಬೈಲಹೊಂಗಲದ ಈ ಮನೆಯಲ್ಲಿ ಎಮ್ಮೆಗೆ ಮೇವು ಕೊಯ್ಯುತ್ತಿತ್ತು. ಸಾಮಾನು ಹೇಗೆ ಬಾಳಿಸಬೇಕೆಂದು ನನಗೆ ಹೇಳಿಕೊಡುವವರು ಈ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ನಾನೇ ಹೇಳಿಕೊಂಡು ತಿರುಗುತ್ತಿದ್ದೆ. ಅಂಥ ನಾನು ಐದು ದಿನದಲ್ಲಿ ಒಂದು ಕತ್ತಿ, ಒಂದು ಢಾಲು, ಒಂದು ಕಬ್ಬಿಣದ ಕವಚ ಹಾಳು ಮಾಡಿದೆ. ಮೂರೂ ನನ್ನವಲ್ಲ. ಮೂರನ್ನೂ ನಾನು ಕೈಯಿಂದ ಮುಟ್ಟಿರಲೂ ಇಲ್ಲ!

ಅವು ಕಂಪ್ಯೂಟರಿನೊಳಗಿದ್ದವು. ಮಗ ಹತ್ತಿ ವ್ಯಾಪಾರದ ಲೆಕ್ಕಕ್ಕೆಂದು ತಂದ ಪೆಟ್ಟಿಗೆ ಅದು. ಟೆಲಿಫೋನಿನ ತಂತಿಯಲ್ಲೇ ಇಂಟರ್ನೆಟ್ಟೂ ಬರುತ್ತಿತ್ತು. ಲೆಕ್ಕ ಯಾರೂ ಮಾಡಲಿಲ್ಲ. ಒಂಬತ್ತನೇ ಇಯತ್ತೆಯ ಮೊಮ್ಮಗಳು ಶೋಭಾ ಅದರಲ್ಲಿ ಕೋಟೆಯ ಆಟ ಆಡುತ್ತಿದ್ದಳು. ಎಲ್ಲೆಲ್ಲಿಯದೋ ಮಂದಿ ಒಂದೇ ಹೊತ್ತಿಗೆ ಒಳಗೆ ಬಂದು, ಗುಂಪು ಕಟ್ಟಿಕೊಂಡು ಬಡಿದಾಡುವ ಆಟ. ಶೋಭಾಳ ಮನುಷ್ಯ ದೊಡ್ಡ ಮೀಸೆಯವನು. ಅವನಿಗೆ ಅವಳು ಇಟ್ಟ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ನಾನು ಭರಮ ಎಂದು ಕರೆದೆ. ಭರಮನ ಕೆಲಸ ಕೋಟೆಯ ಬಾಗಿಲು ಕಾಯುವುದು. ಆ ಕವಚ, ಆ ಢಾಲು ಗಳಿಸಲು ಹುಡುಗಿ ಎಂಟು ತಿಂಗಳು ದುಡಿದಿದ್ದಳು. ಹಾಗೆ ದುಡಿದದ್ದಕ್ಕೇ ಹನ್ನೆರಡು ಮಂದಿಯ ಗುಂಪಿನಲ್ಲಿ ಬಾಗಿಲು ಅವಳ ಪಾಲಿಗೆ ಬಂದಿತ್ತು.

ಭಾನುವಾರ ನಾಲ್ಕು ಗಂಟೆಗೆ ದೊಡ್ಡ ಲಡಾಯಿ ಎಂದು ಗೊತ್ತಾಗಿತ್ತು. ಮಂಗಳವಾರ ಶೋಭಾಳ ಮೈಮೇಲೆ ಅಮ್ಮ ಬಂದಳು.

ಮುಖ ಮೈ ತುಂಬ ಗುಳ್ಳೆ, ಕಣ್ಣು ಕೆಂಪು. ಡಾಕ್ಟರು ಗುಳಿಗೆ ಕೊಟ್ಟರು. ನಾನು ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದೆ. ಕಂಪ್ಯೂಟರಿನ ಬೆಳಕು ಕಣ್ಣಿಗೆ ಬೀಳಬಾರದು ಎಂದು ಡಾಕ್ಟರು ಹೇಳಿದ್ದೇ ತಡ, ನನ್ನ ಸೊಸೆ ಮಂಜುಳಾ ಮಗಳನ್ನು ಒಳಗಿನ ಕೋಣೆಗೆ ಹಾಕಿ ಪರದೆ ಎಳೆದಳು. ಹುಡುಗಿ ಅತ್ತು ಕರೆದು ಭಾನುವಾರದ ಅರ್ಧ ತಾಸು ಮಾತ್ರ ಕೇಳಿ ಪಡೆದಳು. ಆದರೆ ದಿನಾ ಒಂದಿಷ್ಟು ಹೊತ್ತು ಪಹರೆ ನಿಲ್ಲದಿದ್ದರೆ ಬಾಗಿಲು ಬೇರೆಯವರ ಪಾಲಿಗೆ ಹೋಗುತ್ತದಂತೆ.

"ಆಯಿ, ನೀ ನಿಂದರಸ್ತೀ ಏನು?" ಎಂದಳು ಪರದೆಯ ಆಚೆಯಿಂದ.

"ನಿಂದರಸ್ತೇನಿ. ನಾಲ್ವತ್ತ ವರ್ಷ ರಂಟಿ ಕುಂಟಿ ಬಾಳಿಸಿದಾಕಿ ನಾ. ಒಂದ ಢಾಲ ಬಾಳಸಾಕ ಬರೂದಿಲ್ಲೇನು?"

ನಾನು ಕಲಿತದ್ದು ಮೂರನೇ ಇಯತ್ತೆ. ಇಂಗ್ಲಿಷ್ ಅಕ್ಷರ ಬಾರದು, ಅಂಕಿ ಬರುತ್ತವೆ. ಕಂಪ್ಯೂಟರಿನ ಪರದೆಯ ಮೂಲೆಯಲ್ಲಿ ಕವಚ, ಢಾಲು, ಕತ್ತಿಯ ಚಿತ್ರ, ಪಕ್ಕದಲ್ಲಿ ಅಂಕಿ. ಕೆಳಗೆ ಜೀವದ ಕೆಂಪು ಗೆರೆ, ಹೊಟ್ಟೆಯ ಹಳದಿ ಗೆರೆ. ಬುಧವಾರ ನಾನು ಕುಳಿತಾಗ ಮೂರೂ ತೊಂಬತ್ತರ ಆಸುಪಾಸು ಇದ್ದವು.

ಹುಡುಗಿ ಒಳಗಿನಿಂದ ಒದರಿ ಒದರಿ ಪಾಠ ಹೇಳಿದಳು. "ಅಂಕಿ ಇಪ್ಪತ್ತಕ್ಕ ಬಂತಂದ್ರ ಎಲ್ಲಾ ಬಿಟ್ಟು ಕಂಬಾರನ ಕಡೆ ಓಡು ಆಯಿ. ಸೊನ್ನಿ ಆದ್ರ ಒಡದ ಹೋತು, ಮತ್ತ ರಿಪೇರಿ ಇಲ್ಲ. ಕಟಗಿ ಕಡಿಯೂ ಮುಂದ ಕವಚ ಬಿಚ್ಚಿ ಚೀಲದಾಗ ಇಡು, ಸುಮ್ಮ ಸವಿಸಬ್ಯಾಡ. ತ್ವಾಳ ಬಂದ್ರ ಓಡಬ್ಯಾಡ, ಬೆಂಕಿ ಹಚ್ಚು. ಹೊಟ್ಟಿ ಅರ್ಧಾ ಆಗೂದ್ರಾಗ ಉಣಸು."

ಎಲ್ಲ ನ್ಯಾಯವಾದ ಮಾತು. ಇಳಕಲ್ ಸೀರೆ ಉಟ್ಟು ಯಾರೂ ಸೆಗಣಿ ಬಳಿಯುವುದಿಲ್ಲ. ನನಗೆ ಎಲ್ಲವೂ ತಿಳಿಯಿತು. ಹೊಳೆಗೆ ಇಳಿಸಬೇಡ ಎಂದು ಮಾತ್ರ ಅವಳು ಹೇಳಲಿಲ್ಲ. ಹೇಳಬೇಕೆಂದು ಅವಳಿಗಾದರೂ ಹೇಗೆ ಹೊಳೆಯಬೇಕು?

ನಮ್ಮ ಮನೆಯಲ್ಲಿ ಜಳಕ ಮಾಡದೆ ಯಾರೂ ಬಾಯಿಗೆ ತುತ್ತು ಇಡುವುದಿಲ್ಲ. ಭರಮನಿಗೆ ಉಣಿಸುವ ಮೊದಲು ಅವನನ್ನು ಹೊಳೆಗೆ ಇಳಿಸಿದೆ. ದಡದ ಮೇಲೆ ಇಪ್ಪತ್ತು ಮಂದಿ ನಿಂತಿದ್ದರು. ಅವರ ಮುಂದೆ ಗಂಡುಮಗನ ಮೈ ಬಿಚ್ಚಿಸುವುದು ಸರಿ ಕಾಣಲಿಲ್ಲ. ಕವಚದ ಸಮೇತ ಎದೆಮಟ ನೀರಲ್ಲಿ ನಿಲ್ಲಿಸಿದೆ. ಬೆಳಿಗ್ಗೆ ಒಂದು ಸಲ. ಸಂಜೆ ಒಂದು ಸಲ. ಬುಧವಾರ, ಗುರುವಾರ.

ಗುರುವಾರ ಸಂಜೆ ಫೋನು ಬಂತು. ಆ ಗುಂಪಿನ ನಾಯಕಿ ಸವದತ್ತಿಯ ಸವಿತಾ. ಔಷಧದ ಅಂಗಡಿಯವರ ಸೊಸೆ, ಅತ್ತೆ ಮಲಗಿದಾಗ ಆಡುವವಳು.

"ಆಯಿ, ನಿಮ್ಮ ಮನಶ್ಯಾ ಹೊಳ್ಯಾಗ ಯಾಕ ನಿಂತಾನ್ರಿ?"

"ಜಳಕ ಮಾಡಾಕ ಹತ್ತ್ಯಾನವಾ."



"ಕವಚ ಹಾಕ್ಕೊಂಡ?"

"ಮತ್ತ? ಬರೀ ಮೈಲೇ ನಿಂದರಬೇಕೇನು?"

"ಅಯ್ಯ ಆಯಿ! ತುಕ್ಕ ಹಿಡಿತೈತ್ರಿ! ಹೊರಗ ತಗೀರಿ, ಲಗೂನ ತಗೀ... ನಮ್ಮತ್ತಿ ಎದ್ದ್ರು, ಇಡತೇನ್ರಿ."

ಹೊರಗೆ ತೆಗೆದೆ. ಕವಚ ಐವತ್ತೆಂಟು, ಢಾಲು ಕತ್ತಿ ಅದಕ್ಕಿಂತ ಮೂರು ನಾಲ್ಕು ಕಮ್ಮಿ. ಕಬ್ಬಿಣಕ್ಕೆ ನೀರು ತಾಗಿದರೆ ತುಕ್ಕು ಎಂದು ನಾನು ಊರಿಗೆಲ್ಲ ಹೇಳಿದ್ದೇನೆ. ಕುಡಗೋಲಿಗೆ ಎಣ್ಣೆ ಸವರಿ ಅಟ್ಟದ ಮೇಲೆ ಇಡುವವಳು ನಾನು. ಪೆಟ್ಟಿಗೆಯೊಳಗಿನ ಕಬ್ಬಿಣಕ್ಕೂ ತುಕ್ಕು ಹಿಡಿಯುತ್ತದೆ ಎಂದು ಯಾರಿಗೆ ಗೊತ್ತು?

"ಯಾರ ಫೋನ ಆಯಿ? ಅಂಕಿ ಎಷ್ಟೈತಿ?" ಒಳಗಿನಿಂದ ಶೋಭಾ.

"ತೊಂಬತ್ತ ಐತಿ. ನೀ ಮಲಕೋ."

ಅದು ನನ್ನ ಮೊದಲನೇ ಸುಳ್ಳು. ಹೇಳುವುದು ಬಹಳ ಸುಲಭವಾಯಿತು.

ಶುಕ್ರವಾರ ಹೊಟ್ಟೆಯ ಹಳದಿ ಗೆರೆ ಅರ್ಧಕ್ಕೆ ಇಳಿಯಿತು. ಚೀಲದಲ್ಲಿ ಬ್ರೆಡ್ಡು ಮುಗಿದಿತ್ತು. ಶೋಭಾ ಹೇಳಿದಳು, "ಅಡವ್ಯಾಗ ಹಂದಿ ಅದಾವು. ಒಂದ ಹೊಡದು ಸುಟ್ಟ ಉಣಸು, ಹೊಟ್ಟಿ ಪೂರಾ ತುಂಬತೈತಿ."

"ಏನಂದಿ? ಲಿಂಗ ಕಟ್ಟಿದ ಮನ್ಯಾಗ ಹಂದಿ ಸುಡೂದೇನು?"

"ಆಯಿ, ಅದು ಚಿತ್ರ!"

"ಚಿತ್ರ ಆದ್ರೂ ಹಂದಿನ. ಅಂವಗ ಹಣ್ಣ ತಿನಸ್ತೇನಿ."

ಹಣ್ಣು ಅಡವಿಯಲ್ಲಿ ಪೊದೆಪೊದೆಗೆ ಎರಡೆರಡು. ಒಂದು ಹಣ್ಣಿಗೆ ಹಳದಿ ಗೆರೆ ಒಂದು ಕೂದಲಿನಷ್ಟು ಏರುತ್ತಿತ್ತು. ಬೆಂಕಿಗೆಂದು ಮೊದಲೇ ಕಟ್ಟಿಗೆ ಕಡಿದು ಒಟ್ಟಬೇಕಿತ್ತು, ಅದಕ್ಕೆ ಕವಚ ಬಿಚ್ಚಿ ಚೀಲದಲ್ಲಿ ಇಟ್ಟಿದ್ದೆ. ತಿರುಗಿ ತೊಡಿಸಲು ಮರೆತು ಪೊದೆಯಿಂದ ಪೊದೆಗೆ ನಡೆಸಿದೆ. ಎಲ್ಲಿಂದಲೋ ತೋಳ ಬಂತು.

ಬೆಂಕಿಯ ಗುಂಡಿ ಯಾವುದು? ಒತ್ತಿದೆ. ಭರಮ ಕೂತ. ಇನ್ನೊಂದು ಒತ್ತಿದೆ. ಭರಮ ಎದ್ದು ಕೈ ಮುಗಿದ. ತೋಳಕ್ಕೆ!

ಕೆಂಪು ಗೆರೆ ಹೋಯಿತು. ಪರದೆ ಕಪ್ಪಾಯಿತು. ನಾನು ಸೆರಗಿನಿಂದ ಮುಖ ಒರೆಸಿಕೊಂಡು ಕುಳಿತೆ. ಇನ್ನು ಹುಡುಗಿಗೆ ಏನು ಹೇಳಲಿ ಎಂದು ಯೋಚಿಸುವಷ್ಟರಲ್ಲಿ ಪುಣ್ಯಾತ್ಮ ಕೋಟೆಯ ಬಾವಿಯ ಹತ್ತಿರ ಮತ್ತೆ ಎದ್ದು ನಿಂತಿದ್ದ. ಆದರೆ ಒಂದು ಸಾವಿಗೆ ಒಂದೊಂದು ಸಾಮಾನಿನಿಂದ ಇಪ್ಪತ್ತು ಕಡಿತವಂತೆ, ಚೀಲದಲ್ಲಿ ಇದ್ದದ್ದಕ್ಕೂ! ಅದು ನನಗೆ ಆಮೇಲೆ ಗೊತ್ತಾಯಿತು. ಆ ಸಂಜೆ ನಾನು ಹಣ್ಣಿಗಾಗಿ ಅವನನ್ನು ಇನ್ನೊಂದು ಸಲ ಅಡವಿಗೆ ಕಳಿಸಿದೆ. ಅದೇ ತೋಳ.

ಶನಿವಾರ ಬೆಳಿಗ್ಗೆ ಅಂಕಿ ನೋಡಿದರೆ ಕವಚ ಹದಿನೆಂಟು, ಢಾಲು ಹದಿನೈದು, ಕತ್ತಿ ಹದಿನಾಲ್ಕು. ಇಪ್ಪತ್ತಕ್ಕೆ ಬಂದರೆ ಕಂಬಾರನ ಕಡೆ ಓಡು ಎಂದಿದ್ದಳು. ಓಡಿಸಿದೆ.

ಕಂಬಾರಸಾಲೆ ಕೋಟೆಯ ಆ ತುದಿಗೆ. ಕಾಲು ತಾಸಿನ ದಾರಿ. ಬಾಗಿಲ ಮುಂದೆ ಹೋಗುವಷ್ಟರಲ್ಲಿ ಪೆಟ್ಟಿಗೆಯಿಂದ ಸಪ್ಪಳ ಬಂತು. ಠಣ್. ಠಣ್. ಕಂಬಾರ ಅಡಿಗಲ್ಲಿನ ಮೇಲೆ ಕಾದ ಕಬ್ಬಿಣ ಬಡಿಯುತ್ತಿದ್ದ.

ನನ್ನ ಕೈ ನಿಂತಿತು.

ಅಮ್ಮ ಬಂದ ಮನೆಯಲ್ಲಿ ಕುಟ್ಟಬಾರದು, ಬೀಸಬಾರದು, ಒಗ್ಗರಣೆ ಹಾಕಬಾರದು, ಕಬ್ಬಿಣ ಬಡಿಯಬಾರದು. ನಮ್ಮ ಮನೆತನದಲ್ಲಿ ಇದನ್ನು ಮೀರಿದವರು ಯಾರೂ ಇಲ್ಲ. ಒಬ್ಬ ಮೀರಿದ್ದ, ನಮ್ಮಪ್ಪ. ನನ್ನ ತಂಗಿಗೆ ಸಿಡುಬು ಎದ್ದಾಗ ಕೊಟ್ಟಿಗೆಯಲ್ಲಿ ಕುಳಿತು ಕುಡಗೋಲು ತಟ್ಟಿದ. ತಂಗಿಯ ಎಡಗಣ್ಣು ಹೋಯಿತು. ಕುಡಗೋಲಿನಿಂದ ಹೋಯಿತೋ ಸಿಡುಬಿನಿಂದ ಹೋಯಿತೋ, ನನಗೆ ಗೊತ್ತಿಲ್ಲ. ಹೋದದ್ದು ಗೊತ್ತು. ಒಳಗೆ ಹುಡುಗಿಯ ಕಣ್ಣು ಕೆಂಪಾಗಿ ಬಾತಿತ್ತು.

"ಆಯಿ, ಕಂಬಾರನ ಸಪ್ಪಳ ಕೇಳಾಕ ಹತ್ತೈತಿ. ರಿಪೇರಿ ಮಾಡಸೀ ಏನು?"

ಸಪ್ಪಳ ಪರದೆ ದಾಟಿ ಅವಳ ಕಿವಿಗೆ ಹೋಗಿಬಿಟ್ಟಿತ್ತು! ನಾನು ಹೆದರಿ ಭರಮನನ್ನು ಹಿಂದಕ್ಕೆ ತಿರುಗಿಸಿ ಓಡಿಸಿದೆ.

"ಮಾಡಿಸೇನಿ."

"ಎಷ್ಟಾತು?"

"ತೊಂಬತ್ತು."

ಖರೆ ಹೇಳಿದ್ದರೆ ಎದ್ದು ಬರುತ್ತಿದ್ದಳು, ಆ ಬೆಳಕಿಗೆ ಕಣ್ಣು ಕೊಡುತ್ತಿದ್ದಳು. ಹಾಗೆಂದು ನಾನು ನನಗೇ ಹೇಳಿಕೊಂಡೆ. ಒಂದೇ ದಿನದ ಮಾತು. ಹದಿನೆಂಟೇನು ಕಮ್ಮಿಯೇ? ಜೋಪಾನ ಮಾಡಿದರೆ ಮುಗಿಯಿತು. ಶನಿವಾರದ ಪಹರೆಯಲ್ಲಿ ಭರಮನನ್ನು ಬಾಗಿಲಿನ ಮೂಲೆಗೆ ಒತ್ತಿ ನಿಲ್ಲಿಸಿದೆ. ಆದರೂ ಯಾರೋ ಇಬ್ಬರು ಬಂದು ನಾಲ್ಕು ಏಟು ಹಾಕಿ ಹೋದರು. ಒಂದೊಂದು ಏಟಿಗೆ ಎರಡೋ ಮೂರೋ ಅಂಕಿ ಬಿದ್ದವು. ನನ್ನ ಮೈಗೇ ಬಿದ್ದ ಹಾಗಾಯಿತು.

ಭಾನುವಾರ ಶೋಭಾ ಹೊರಗೆ ಬಂದಳು. ಮುಖಕ್ಕೆಲ್ಲ ಬೇವಿನ ಲೇಪ, ನಡುವೆ ಎರಡು ಕಣ್ಣು. ಕಣ್ಣು ತಿಳಿಯಾಗಿದ್ದವು. ನಾನು ಅದನ್ನು ನೋಡಿದೆ. ಅವಳು ಕಂಪ್ಯೂಟರಿನ ಪರದೆಯ ಮೂಲೆ ನೋಡಿದಳು. ಗಡಿಯಾರದಲ್ಲಿ ನಾಲ್ಕಕ್ಕೆ ಐದು ಮಿನಿಟು. ಕಂಬಾರಸಾಲೆಗೆ ಕಾಲು ತಾಸು.

"ಆಯಿ, ಕವಚ ತೊಂಬತ್ತ ಅಂದಿ."

"ಹ್ಞೂ, ಅಂದೆ."

"ಇಲ್ಲಿ ಒಂಬತ್ತ ಐತಿ."

"ಸೊನ್ನಿ ಒಂದು ಕಮ್ಮಿ ಬಿತ್ತು."

ಅವಳು ಒದರಲಿಲ್ಲ. ಒದರಿದ್ದರೆ ಚೆನ್ನಾಗಿತ್ತು. ಭರಮನನ್ನು ಬಾಗಿಲಿನ ನಡುವೆ ತಂದು ನಿಲ್ಲಿಸಿ, ಢಾಲು ಎತ್ತಿ ಹಿಡಿದಳು. ನಾನು ಹಿಂದೆ ನಿಂತು ಅವಳ ಕುರ್ಚಿ ಹಿಡಿದುಕೊಂಡೆ. ನಾಲ್ಕಾಯಿತು. ಎದುರಿನವರು ಬಂದರು.

ಮೊದಲು ಢಾಲು ಹೋಯಿತು, ಹಪ್ಪಳ ಮುರಿದ ಸಪ್ಪಳದಲ್ಲಿ. ಆಮೇಲೆ ಕತ್ತಿ. ಹುಡುಗಿ ಬರಿಗೈಯಲ್ಲಿ ಬಾಗಿಲು ಬಿಡದೆ ನಿಂತಳು. ಕವಚ ಐದು. ಮೂರು. ಒಂದು. ಅಷ್ಟು ದೊಡ್ಡ ಮೀಸೆಯ ಮನುಷ್ಯ ಚಡ್ಡಿಯಲ್ಲಿ ಉಳಿದ! ಅವನನ್ನು ತುಳಿದುಕೊಂಡೇ ಒಳಗೆ ಹೋದರು. ಮೂರು ಮಿನಿಟಿನಲ್ಲಿ ಬಾಗಿಲು, ಏಳು ಮಿನಿಟಿನಲ್ಲಿ ಕೋಟೆ. ಫೋನು ಹೊಡೆದುಕೊಂಡಿತು. ನಾವಿಬ್ಬರೂ ಎತ್ತಲಿಲ್ಲ.

"ಕಂಬಾರನ ಕಡೆ ಹೋಗಿದ್ದಿ. ಸಪ್ಪಳ ನಾನ ಕೇಳೇನಿ. ಯಾಕ ಮಾಡಸಲಿಲ್ಲ?" ಎಂದಳು.

"ಅಮ್ಮ ಬಂದ ಮನ್ಯಾಗ ಕುಟ್ಟಬಾರದು, ಬೀಸಬಾರದು. ನಿನ್ನ ಕಣ್ಣ ಸಲುವಾಗಿ ಬಿಟ್ಟೆ." ಗಟ್ಟಿಯಾಗಿಯೇ ಹೇಳಿದೆ. ನನಗೆ ನಾಚಿಕೆ ಇರಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯಿಂದ ಸಪ್ಪಳ ಬಂತು. ಗರ್ರ್. ಗರ್ರ್.

ಹುಡುಗಿ ಅತ್ತ ಮುಖ ತಿರುಗಿಸಿದಳು. "ಅದೇನು?"

"ಮಿಕ್ಸರ್. ನಿಮ್ಮವ್ವ ಚಟ್ನಿ ಮಾಡಾಕ ಹತ್ತ್ಯಾಳ."

"ಯಾವಾಗಿಂದ?"

"ದಿನಾ."

"ಬೀಸಬಾರದು ಅಂದಿ."

ನಾನು ಕುರ್ಚಿ ಬಿಟ್ಟು ಸೆರಗು ಸರಿಮಾಡಿಕೊಂಡೆ.

"ನೀ ಉಂಡೀ ಏನು?"

"ಉಂಡೆ."

"ದಿನಾ?"

"ರೊಟ್ಟಿ ಜೋಡಿ."

ಅಡುಗೆಮನೆಯಿಂದ ಮಂಜುಳಾ ಇಣುಕಿದಳು. "ಅತ್ತಿಯವ್ರ, ಬೆಳ್ಳೊಳ್ಳಿ ಇನ್ನೊಂದೀಟ ಹಾಕಲೇನ್ರಿ? ನಿನ್ನೆ ಸಪ್ಪಗಾತು ಅಂದ್ರಲ್ಲಾ."

ಆ ಹೊತ್ತಿಗೆ ನನ್ನ ಮಾನದ ಅಂಕಿ ಎಷ್ಟಿತ್ತೋ, ಸೊನ್ನೆಯಾಯಿತು. ಅದನ್ನು ತಟ್ಟಿ ಸರಿಮಾಡುವ ಕಂಬಾರ ಇಲ್ಲ.

ಶೋಭಾ ನಗಲಿಲ್ಲ. ಎದ್ದು ನಿಂತಳು. "ಮುಂದಿನ ಭಾನುವಾರದೊಳಗ ತೊಗಲಿನ ಕವಚ ಆದ್ರೂ ಬೇಕು ಆಯಿ. ಇಲ್ಲಂದ್ರ ಸವಿತಕ್ಕ ಬಾಗಿಲಕ್ಕ ಬ್ಯಾರೆಯವರನ್ನ ಹಚ್ಚತಾಳ. ನನಗ ಅವ್ವ ಇನ್ನ ಒಂದ ವಾರ ಕೂಡಾಕ ಬಿಡೂದಿಲ್ಲ."

"ತೊಗಲು ಎಲ್ಲಿ ಸಿಗತೈತಿ?"

"ಹನ್ನೆರಡ ಹಂದಿ ಹೊಡೀಬೇಕು."

"ನಾರಿಂದು ಆಗೂದಿಲ್ಲೇನು? ಹತ್ತಿದು?"

"ಆಗೂದಿಲ್ಲ. ಹೊಡದದ್ದನ್ನ ಸುಟ್ಟು ತಿನ್ನಲೂಬೇಕು, ಇಲ್ಲಂದ್ರ ಎರಡನೇ ಹಂದಿಗೆ ಕೈ ಏಳೂದಿಲ್ಲ. ಬಿಡು ಆಯಿ, ನಿನ್ನ ಕಡಿಂದ ಆಗೂ ಕೆಲಸಲ್ಲ."

ಹೋಗಿ ಪರದೆ ಎಳೆದುಕೊಂಡಳು. ಅತ್ತಳೋ ಇಲ್ಲವೋ ನಾನು ಕಿವಿಗೊಟ್ಟು ಕೇಳಲಿಲ್ಲ. ಊಟಕ್ಕೆ ಚಟ್ನಿ ಬಡಿಸಿದರು, ಬೇಡ ಎಂದೆ. ಬೆಳ್ಳುಳ್ಳಿ ಸರಿಯಾಗಿ ಬಿದ್ದಿತ್ತು, ವಾಸನೆಯಿಂದಲೇ ತಿಳಿಯಿತು.

ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಜಳಕ ಮಾಡಿದೆ. ವಿಭೂತಿ ಹಚ್ಚಿಕೊಂಡು ಲಿಂಗಪೂಜೆ ಮಾಡಿದೆ. ಸೋಮವಾರ, ಎರಡು ಪತ್ರೆ ಹೆಚ್ಚಿಗೆ ಏರಿಸಿದೆ. ಆಮೇಲೆ ಪೆಟ್ಟಿಗೆಯ ಮುಂದೆ ಕುಳಿತು, ಭರಮನಿಗೆ ಜಳಕ ಮಾಡಿಸದೆಯೇ ಕೈಗೊಂದು ಬಡಿಗೆ ಕೊಟ್ಟು, ಮೊದಲನೇ ಹಂದಿ ಹೊಡೆದೆ.