ಎರಡು ಟ್ಯಾಂಕುಗಳ ತಾತ

ಅವಾಂತರಕ್ಕೆಲ್ಲ ಮೂಲ ತಾತನ ಒಂದು ಸೀನು. ಜೀವಮಾನದಲ್ಲಿ ಒಂದೇ ಸಲ ಫೋಟೋಗೆ ನಿಂತವರು, ಫೋಟೋದವನು ಗುಂಡಿ ಒತ್ತಿದ ಕ್ಷಣಕ್ಕೇ ಸೀನಿಬಿಟ್ಟಿದ್ದರು. ಸೈನ್ಯದ ಸಮವಸ್ತ್ರ, ಪದಕ, ಗುಂಡಿಗಳೆಲ್ಲ ಕಣ್ಣಿಗೆ ಕಟ್ಟುವಂತೆ ಮೂಡಿದ್ದವು. ಮುಖ ಮಾತ್ರ ನಾದಿದ ಹಿಟ್ಟಿನ ಹಾಗಿತ್ತು.

ತಾತ ತೀರಿಕೊಂಡ ಮೇಲೆ, ಅವರು ದಿನವೂ ಸಂಜೆ ಹರಟೆಗೆ ಕೂರುತ್ತಿದ್ದ ವೃತ್ತದಲ್ಲಿ ಅವರದೊಂದು ಪ್ರತಿಮೆ ಇಡಬೇಕೆಂದು ಆ ಪುಟ್ಟ ಊರು ನಿಶ್ಚಯಿಸಿತು. ಶಿಲ್ಪಿ ಫೋಟೋ ನೋಡಿಕೊಂಡು ಎದೆ, ಭುಜ, ಪದಕ ಎಲ್ಲವನ್ನೂ ಮುಗಿಸಿದ. ಕುತ್ತಿಗೆಯವರೆಗೆ ಬಂದು ನಿಂತುಬಿಟ್ಟ. ಅನಾವರಣದ ದಿನ ಬೆಳಗಾದರೂ ಯೋಧನಿಗೆ ತಲೆ ಇರಲಿಲ್ಲ.

ಸಮಿತಿಯ ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ತರರಿಗೆ ಥಟ್ಟನೆ ಹೊಳೆಯಿತು. ಆ ಮುಖದ ಇನ್ನೊಂದು ಪ್ರತಿ ಊರಿನಲ್ಲೇ ಇದೆಯಲ್ಲ! ಕನ್ನಡಕದ ಅಂಗಡಿ ಇಟ್ಟಿದ್ದ ಮೊಮ್ಮಗನದು ಅದೇ ಮೂಗು, ಅದೇ ದವಡೆ, ಅದೇ ಪೊದೆ ಮೀಸೆ. ಅವನ ಮುಖದ ಮೇಲೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದರೆ ಮಧ್ಯಾಹ್ನದೊಳಗೆ ತಾತ ತಯಾರು.

ಮೊಮ್ಮಗ ಕುಣಿಯುತ್ತಲೇ ಒಪ್ಪಿಕೊಂಡ. ಆದರೆ ಒಂದು ಷರತ್ತು ಹಾಕಿದ: ಪ್ರತಿಮೆಯ ಕೆಳಗಿನ ಕಲ್ಲಿನಲ್ಲಿ 'ಗಾಯಗೊಂಡವರನ್ನು ಹೊತ್ತು ತಂದ ಯೋಧ' ಎಂದೇ ಕೆತ್ತಬೇಕು. ಅವನು ಚಿಕ್ಕವನಿದ್ದಾಗ ತಾತ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ್ದರು: "ಯುದ್ಧದಲ್ಲಿ ನಾನು ಒಂದು ಗುಂಡೂ ಹಾರಿಸಲಿಲ್ಲ ಮಗು. ಬಿದ್ದವರನ್ನ ಎತ್ಕೊಂಡು ಬಂದೆ, ಅಷ್ಟೆ." ಆ 'ಅಷ್ಟೆ'ಯ ಮುಂದೆ ಅವನಿಗೆ ಜಗತ್ತಿನ ಶೌರ್ಯವೆಲ್ಲ ಸಪ್ಪೆಯಾಗಿ ಕಾಣುತ್ತಿತ್ತು. ಊರವರ ಬಾಯಲ್ಲಿ ಬೇರೆಯದೇ ಕತೆ ಓಡಾಡುತ್ತಿತ್ತು. ಇವತ್ತು ಕಲ್ಲಿನ ಮೇಲೆ ನಿಜ ಕೂರಬೇಕು ಎಂಬುದೇ ಅವನ ಆಸೆ.

ಶಿಲ್ಪಿಯ ಶೆಡ್ಡಿನಲ್ಲಿ ಹೆಡ್‌ಮಾಸ್ತರರೇ ಮುಂದೆ ನಿಂತು ಅವನನ್ನು ಬೆಂಚಿನ ಮೇಲೆ ಅಂಗಾತ ಮಲಗಿಸಿದರು. ಮೂಗಿನ ಹೊಳ್ಳೆಗಳಿಗೆ ಎರಡು ಸಣ್ಣ ಕೊಳವೆ ಸಿಕ್ಕಿಸಿದರು. ಶಿಲ್ಪಿ ಹಣೆಯಿಂದ ವ್ಯಾಸಲೀನ್ ಹಚ್ಚುತ್ತ ಬಂದು ಮೀಸೆಯ ಹತ್ತಿರ ತಲುಪುವಾಗಲೇ ಊರಿನ ದರ್ಜಿ ಒಳಗೆ ಬಂದು, ಪ್ರತಿಮೆಯ ಕಾಲರ್ ಸೊಟ್ಟಗಿದೆ ಎಂದು ತಕರಾರು ತೆಗೆದ. ಜಗಳ ಮುಗಿಸಿ ಬಂದ ಶಿಲ್ಪಿ ನೇರವಾಗಿ ಪ್ಲಾಸ್ಟರ್ ಸುರಿದ.

"ಗಟ್ಟಿಯಾಗೋವಾಗ ಬಿಸಿಯಾಗುತ್ತೆ, ಹೆದರಬೇಡಿ. ಮುಖ ಮಾತ್ರ ಅಲ್ಲಾಡಿಸಬೇಡಿ, ತಾತನಿಗೆ ಲಕ್ವ ಹೊಡೆದ ಹಾಗೆ ಬರುತ್ತೆ."

ಮೊಮ್ಮಗ ಕಲ್ಲಿನಂತೆ ಮಲಗಿದ. ಕಣ್ಣು ಬಾಯಿ ಮುಚ್ಚಿದ್ದವು, ಕಿವಿ ತೆರೆದಿತ್ತು. ಅದೇ ಎಡವಟ್ಟಾಯಿತು.

ಮೂಲೆಯಲ್ಲಿ ಶಿಲ್ಪಿಯ ಬಾಮೈದ ಕಲ್ಲು ಕೆತ್ತಲು ಉಳಿ ಎತ್ತಿಕೊಂಡಿದ್ದ. ಕೆತ್ತಬೇಕಾದ ಸಾಲನ್ನು ದರ್ಜಿ ಜೋರಾಗಿ ಓದಿದ. "ಇದೇನ್ ಮೇಷ್ಟ್ರೇ, ಹೊತ್ತು ತಂದ ಅಂತೆ. ಸಾಮಾನು ಸಾಗಿಸೋರು ಅಂದ್ಕೊಳ್ಳಲ್ವಾ ಜನ? ಅವರು ಶತ್ರುವಿನ ಟ್ಯಾಂಕ್ ಉಡಾಯಿಸಿದ್ದು ಊರಿಗೇ ಗೊತ್ತು."

ಹೆಡ್‌ಮಾಸ್ತರರು ನ್ಯಾಯವಂತರು. ಮನೆಯವರನ್ನು ಕೇಳದೆ ಬದಲಿಸಬಾರದು ಎಂದರು. ಬೆಂಚಿನ ಹತ್ತಿರ ಬಂದು ಬಗ್ಗಿ, "ಏನಯ್ಯಾ, ನಿಮ್ಮ ತಾತ ಟ್ಯಾಂಕ್ ಉಡಾಯಿಸಿದ್ದು ನಿಜ ತಾನೇ?" ಎಂದು ಕೇಳಿದರು.

ಮೊಮ್ಮಗ ಎರಡೂ ಕೈ ಎತ್ತಿ ಇಲ್ಲ ಇಲ್ಲವೆಂದು ಜೋರಾಗಿ ಬೀಸಿದ.

"ನೋಡಿ, ಸಿಡಿದು ಚೂರಾದ್ದನ್ನ ತೋರಿಸ್ತಿದ್ದಾನೆ" ಎಂದ ದರ್ಜಿ.

ಮೊಮ್ಮಗ ಮತ್ತೆ ಕೈ ಎತ್ತಿದ. ಸ್ಟ್ರೆಚರ್ ಹಿಡಿದು ಇಬ್ಬರು ನಡೆಯುವುದನ್ನು ತೋರಿಸೋಣವೆಂದು ಎರಡು ಬೆರಳೆತ್ತಿ ಗಾಳಿಯಲ್ಲಿ ನಡೆಸಿದ.

"ಒಂದಲ್ಲವಂತೆ, ಎರಡಂತೆ!" ಹೆಡ್‌ಮಾಸ್ತರರು ಎರಡೂ ಕೈ ಜೋಡಿಸಿದರು. ಮೊಮ್ಮಗ ಕಾಲು ಝಾಡಿಸಿದ. ಪಾಪ, ದುಃಖ ಉಕ್ಕಿ ಬಂದಿರಬೇಕೆಂದು ಇಬ್ಬರೂ ಸೇರಿ ಅವನ ಕಾಲು ಸವರಿದರು. ಮೂಲೆಯಲ್ಲಿ ಉಳಿ ಟಕ್ ಟಕ್ ಎನ್ನತೊಡಗಿತು.

ಪ್ಲಾಸ್ಟರ್ ಒಣಗಿತು, ಆದರೆ ಮುಖ ಬಿಟ್ಟು ಬರಲಿಲ್ಲ. ವ್ಯಾಸಲೀನ್ ಕಾಣದ ಮೀಸೆ ಅದರೊಳಗೆ ಬೇರೂರಿತ್ತು. ದರ್ಜಿ ತಲೆ ಹಿಡಿದ, ಹೆಡ್‌ಮಾಸ್ತರರು ಕಾಲು ಹಿಡಿದರು, ಶಿಲ್ಪಿ ದೇವರ ಮೇಲೆ ಭಾರ ಹಾಕಿ ಎಳೆದ. ಅಚ್ಚು ಬಂತು, ಜೊತೆಗೆ ಅರ್ಧ ಮೀಸೆಯೂ ಬಂತು. ಮೊಮ್ಮಗ ಉರಿಯುವ ತುಟಿಯನ್ನೂ ಲೆಕ್ಕಿಸದೆ ಕಲ್ಲಿನ ಕಡೆ ಓಡಿದ. 'ಶತ್ರುವಿನ ಎರಡು ಟ್ಯಾಂಕ್ ಧ್ವಂಸ ಮಾಡಿದ ವೀರ.' ಅಕ್ಷರಗಳು ಮುತ್ತಿನಂತಿದ್ದವು.

ಅವನು ಗೋಗರೆದ. ಹೆಡ್‌ಮಾಸ್ತರರು ಅವನ ಬೆನ್ನು ತಟ್ಟಿದರು. "ಕಲ್ಲಿಗೆ ರಬ್ಬರ್ ಇಲ್ಲ ಕಣಯ್ಯಾ. ನೀನು ಹೇಳೋದನ್ನ ಸಂಜೆ ಮೈಕಿನಲ್ಲಿ ಹೇಳು."

ಸಂಜೆ ವೃತ್ತದಲ್ಲಿ ಎಳ್ಳು ಹಾಕಿದರೆ ಕೆಳಗೆ ಬೀಳದಷ್ಟು ಜನ. ಬಟ್ಟೆ ಸರಿದಾಗ ಜನರೆಲ್ಲ ಒಮ್ಮೆಗೇ ಉಸಿರೆಳೆದುಕೊಂಡರು. ತಾತನೇ! ಇನ್ನೇನು ಸೀನುತ್ತಾರೆ ಎನ್ನುವಷ್ಟು ತಾತ. ಮೊಮ್ಮಗನ ಕಣ್ಣು ತುಂಬಿ ಬಂತು. ಅರ್ಧ ಮೀಸೆಯಲ್ಲೇ ವೇದಿಕೆ ಹತ್ತಿ ಮೈಕು ಹಿಡಿದು ಎಲ್ಲವನ್ನೂ ಹೇಳಿದ. ತಾತ ಟ್ಯಾಂಕ್ ಒಡೆದವರಲ್ಲ, ಒಂದು ಗುಂಡೂ ಹಾರಿಸಿದವರಲ್ಲ, ಗುಂಡುಗಳ ನಡುವೆ ನಡೆದು ಹೋಗಿ ಬಿದ್ದವರನ್ನು ಹೊತ್ತು ತಂದವರು.

ಕಿವಿ ಕಿತ್ತುಹೋಗುವ ಚಪ್ಪಾಳೆ. ಏನು ವಿನಯ, ಏನು ಸಂಸ್ಕಾರ, ತಾತನದೇ ಪಡಿಯಚ್ಚು ಎಂದು ಜನ ಒಬ್ಬರಿಗೊಬ್ಬರು ಹೇಳಿಕೊಂಡರು. ಟ್ಯಾಂಕಿನ ಮಾತೆತ್ತಿದರೆ ತಾತನೂ ಹೀಗೇ ತಲೆ ತಗ್ಗಿಸಿಬಿಡುತ್ತಿದ್ದರಂತೆ.

ಮೊಮ್ಮಗನಿಗೆ ಉಳಿದದ್ದು ಒಂದೇ ಸಾಕ್ಷಿ. ಮುಂದಿನ ಸಾಲಿನಲ್ಲಿ ಅಜ್ಜಿ ಕೂತಿದ್ದಳು. "ಅಜ್ಜಿ, ನೀನಾದ್ರೂ ನಿಜ ಹೇಳು" ಎಂದು ಕೈ ಹಿಡಿದು ಮೇಲೆ ಕರೆತಂದ.

ಅಜ್ಜಿ ಪ್ರತಿಮೆಯ ಕೆನ್ನೆಯ ಮೇಲೆ ಬೆರಳಾಡಿಸಿದಳು. ಕಲ್ಲಿನ ಮೇಲಿನ ಸಾಲನ್ನು ಓದಿಸಿ ಕೇಳಿದಳು. ಮೈಕಿನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡಳು.

"ಎರಡು ಅಂತ ಬರೆದಿರೋದು ತಪ್ಪು."

ಮೊಮ್ಮಗ ನಿರಾಳವಾಗಿ ಉಸಿರುಬಿಟ್ಟ.

"ಮೂರು" ಎಂದಳು ಅಜ್ಜಿ.

ವೃತ್ತವೇ ಎದ್ದು ಕುಣಿಯಿತು. ಮೊಮ್ಮಗ ಅಜ್ಜಿಯನ್ನು ಪ್ರತಿಮೆಯ ಹಿಂದೆ ಕರೆದೊಯ್ದು, ತಾತ ತನಗೆ ಹೇಳಿದ್ದೇ ಬೇರೆಯಲ್ಲವೇ ಎಂದು ಅಳುವ ದನಿಯಲ್ಲಿ ಕೇಳಿದ.

"ನಿನಗೆ ನಿಜ ಹೇಳೋಕೆ ಅವರಿಗೇನು ಕಷ್ಟ? ನೀನು ಮೊಮ್ಮಗ, ಎಲ್ಲಿಗೆ ಹೋಗ್ತೀಯ" ಎಂದಳು ಅಜ್ಜಿ. "ನಮ್ಮಪ್ಪ ಹೆಣ್ಣು ಕೊಡಲ್ಲ ಅಂತ ಕೂತಾಗ ಒಂದು ಟ್ಯಾಂಕ್ ಅಂದ್ರು. ಅಪ್ಪ ಅಲ್ಲಾಡಲಿಲ್ಲ. ಎರಡು ಅಂದ್ರು. ಮೂರು ಅಂದ ಮೇಲೆ ಒಪ್ಪಿದ್ರು."

"ನೀನು ನಂಬಿದ್ಯಾ?"

"ಇಲಿ ಕಂಡ್ರೆ ಮಂಚ ಹತ್ತೋರನ್ನ ಹೇಗೋ ನಂಬಲಿ? ಆದ್ರೂ ನನಗೋಸ್ಕರ ಒಡೆದದ್ದು ಕಣೋ. ಮೂರೂ ನನ್ನವು. ಒಂದನ್ನೂ ಬಿಟ್ಟುಕೊಡಲ್ಲ."

ಮೊಮ್ಮಗ ಪ್ರತಿಮೆಯ ಹಿಂದಿನಿಂದ ಈಚೆಗೆ ಬಂದ. ಬೆಳಗ್ಗೆ ಅವನ ಕಾಲು ಸವರಿದ್ದ ದರ್ಜಿ ಈಗ ಸೊಂಟದ ಮೇಲೆ ಕೈಯಿಟ್ಟು ದಾರಿಗಡ್ಡ ನಿಂತಿದ್ದ. ಹಿಂದೆ ಅರ್ಧ ಊರು.

"ಅಲ್ಲಯ್ಯಾ," ಎಂದ ದರ್ಜಿ, "ಸ್ವಂತ ತಾತನದೇ ಒಂದು ಟ್ಯಾಂಕ್ ನುಂಗಿ ಹಾಕಿದ್ಯಲ್ಲ?"