ಹಳದಿ ಪುಡಿಯ ಸಮಪಾಲು

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕೋಳಿಗಳಿಗೆ ಯಾವ ಕಾಯಿಲೆಯೂ ಇಲ್ಲವೆಂದು ಕುಕ್ಕುಟ ಕ್ಷೇಮ ಮಂಡಲಿಯು ೧೯೫೮ನೇ ಇಸವಿಯಲ್ಲಿ ಸರ್ವಾನುಮತದಿಂದ ತೀರ್ಮಾನಿಸಿತು. ಅದೇ ವಾರ ಬಿಳಿಕೆರೆಯಲ್ಲಿ ಹಿತ್ತಲುಗಳು ಸಾಲದೆ, ಸತ್ತ ಕೋಳಿಗಳನ್ನು ಗಾಡಿಗೆ ಹೇರಿ ಊರಾಚೆ ಹೂಳಿದರು. ಈ ಎರಡು ಸಂಗತಿಗಳಿಗೂ ಪರಸ್ಪರ ವಿರೋಧವೇನಿಲ್ಲ. ಮಂಡಲಿಯ ಮೇಲ್ವಿಚಾರಕ ನೀಲಕಂಠಸ್ವಾಮಿಗೆ ಇದು ಅರ್ಥವಾಗಲು ಮಾತ್ರ ತುಸು ಕಾಲ ಹಿಡಿಯಿತು.

ನೀಲಕಂಠಸ್ವಾಮಿ ಲಿಂಗವಂತರ ಮನೆಯವನು, ಹುಟ್ಟಿದಂದಿನಿಂದ ಮೊಟ್ಟೆಯ ರುಚಿ ಕಂಡವನಲ್ಲ. ಕೋಳಿ ತಿನ್ನದವನ ಕೈಗೆ ಕೊಟ್ಟರೆ ಸರ್ಕಾರದ ಕೋಳಿ ಲೆಕ್ಕಕ್ಕೆ ಸಿಗುತ್ತದೆಂಬ ದೂರಾಲೋಚನೆಯಿಂದ ಮಂಡಲಿ ಅವನನ್ನೇ ಆರಿಸಿತ್ತು. ಊರೂರಿಗೆ ವಿಲಾಯಿತಿ ಬಿಳಿ ಕೋಳಿಗಳನ್ನು ಹಂಚುವುದು, ಅವಕ್ಕೆ ಬೇದಿ ಹತ್ತಿದರೆ ಹಳದಿ ಪುಡಿ ಕೊಡುವುದು ಅವನ ಕೆಲಸ. ಮೊದಲ ವರ್ಷ ಪುಡಿಯ ಮಹಿಮೆ ಎಷ್ಟಿತ್ತೆಂದರೆ, ಸಂಜೆ ಕತ್ತು ಚೆಲ್ಲಿದ ಕೋಳಿ ಒಂದೆರಡು ದಿನದಲ್ಲೇ ತಿಪ್ಪೆ ಕೆದಕುತ್ತಿತ್ತು. ಬಿಳಿಕೆರೆಯ ಚಾಮುಂಡಮ್ಮ ಆ ಬಿಳಿ ಕೋಳಿಗಳನ್ನೇ ನಂಬಿಕೊಂಡಿದ್ದ ಮುದುಕಿ. ಪುಡಿ ತಂದಾಗಲೆಲ್ಲ ಅವನಿಗೆ ಮಜ್ಜಿಗೆ ಕೊಡುತ್ತಿದ್ದಳು.

ಮಂಡಲಿಯ ಅಧ್ಯಕ್ಷ ಮಹದೇವಪ್ಪನವರು ಕೃಷ್ಣರಾಜನಗರದ ಹತ್ತಿರ ಸ್ವಂತಕ್ಕೂ ಒಂದು ದೊಡ್ಡ ಕೋಳಿಮನೆ ಕಟ್ಟಿಸಿಕೊಂಡಿದ್ದರು. ಪುಡಿ ತಿಂದ ಕೋಳಿ ಬೇಗ ಕೊಬ್ಬುತ್ತದೆ ಎಂಬುದನ್ನು ಅವರೇ ಅಲ್ಲಿ ಕಂಡುಹಿಡಿದರು. ಆದರೆ ಅವರ ಕೋಳಿಗಳಿಗೆ ಕಾಯಿಲೆ ಇರಲಿಲ್ಲ, ಕಾಯಿಲೆ ಇಲ್ಲದ್ದಕ್ಕೆ ಪುಡಿ ಕೊಡಲು ನಿಯಮವಿರಲಿಲ್ಲ. ದೇಶದ ದೊಡ್ಡ ಸುಧಾರಣೆಗಳೆಲ್ಲ ಇಂಥ ಅಡಚಣೆಯಿಂದಲೇ ಹುಟ್ಟುವುದು.

ಅವರು ನೀಲಕಂಠಸ್ವಾಮಿಯನ್ನು ಕರೆಸಿ, ಪುಡಿ ಯಾವುದಕ್ಕೆ ಕೊಡುತ್ತೀರೆಂದು ಕೇಳಿದರು. ಕಾಯಿಲೆ ಬಿದ್ದದ್ದಕ್ಕೆ ಎಂದ ಅವನು.

“ಕಾಯಿಲೆ ಬಿದ್ದೋರಿಗೇ ಸವಲತ್ತು ಅಂದ್ರೆ, ಆರೋಗ್ಯವಾಗಿರೋದು ಅಪರಾಧ ಅಂತ ಸರ್ಕಾರವೇ ಹೇಳ್ದಂಗಾಯ್ತಲ್ರೀ?” ಎಂದರು ಮಹದೇವಪ್ಪನವರು.

ಆ ವಾರವೇ ಪ್ರಕಟಣೆ ಹೊರಬಿತ್ತು:

“ಗಣರಾಜ್ಯದಲ್ಲಿ ಕೋಳಿ ಕೋಳಿಗಳ ನಡುವೆ ಭೇದ ಎಣಿಸತಕ್ಕದ್ದಲ್ಲ. ಮಂಜೂರಾದ ಪುಡಿಯನ್ನು ರೋಗಿ, ನಿರೋಗಿ, ಹುಂಜ, ಹೇಟೆ, ಮರಿ ಎಂಬ ತಾರತಮ್ಯವಿಲ್ಲದೆ ಪ್ರತಿದಿನವೂ ಸಮವಾಗಿ ಹಂಚತಕ್ಕದ್ದು. ಹೆಚ್ಚಿನ ಪುಡಿಗಾಗಿ ಅರ್ಜಿ ಹಾಕತಕ್ಕದ್ದಲ್ಲ.”

ಅರ್ಧದಷ್ಟು ಸಮಪಾಲು ಅಧ್ಯಕ್ಷರ ಕೋಳಿಮನೆಗೆ ಹೋಯಿತು. ಉಳಿದದ್ದು ಊರಿನ ಕೋಳಿಗಳಿಗೆ ತಲೆಗೊಂದು ಚಿಟಿಕೆಯೂ ಬಾರದು. ನೀಲಕಂಠಸ್ವಾಮಿ ಅದನ್ನು ಬಿಂದಿಗೆಯ ನೀರಿಗೆ ಕದಡಿ, ಮಂಡಲಿಯವರು ಅಳತೆಯ ಚಮಚ ಕೊಡದೆ ಹೋದದ್ದರಿಂದ, ಮನೆಯಿಂದ ಪೂಜೆಯ ಉದ್ಧರಣೆ ತಂದು, ಒಂದೊಂದು ಕೊಕ್ಕಿಗೆ ತೀರ್ಥದ ಹಾಗೆ ಹಾಕುತ್ತ ಹೋದ. ಆ ಉದ್ಧರಣೆ ಮತ್ತೆ ಒಳಗೆ ಬರಕೂಡದೆಂದು ಹೆಂಡತಿ ಸರ್ವಮಂಗಳ ಹೇಳಿಬಿಟ್ಟಳು.

ವರ್ಷ ತಿರುಗುವುದರೊಳಗೆ ಬೇದಿ ಮತ್ತೆ ಬಂತು. ಉದ್ಧರಣೆ ತುಂಬ ಹಾಕಿದರೂ ನಿಲ್ಲಲಿಲ್ಲ, ಲೋಟ ತುಂಬ ಹಾಕಿದರೂ ನಿಲ್ಲಲಿಲ್ಲ. ನೀಲಕಂಠಸ್ವಾಮಿ ಮಂಡಲಿಯ ಸಭೆಯಲ್ಲಿ ಎದ್ದು ನಿಂತು, ಎಂದೂ ಇಲ್ಲದ ಧೈರ್ಯದಿಂದ ಹೇಳಿದ:

“ದಿನಾ ಚೂರು ಚೂರು ಕೊಟ್ಟು ಕ್ರಿಮಿಗೆ ನಾವೇ ಅಭ್ಯಾಸ ಮಾಡಿಸಿದ್ವಿ ಸ್ವಾಮಿ. ಬಡ ಕ್ರಿಮಿ ಸತ್ವು, ಗಟ್ಟಿ ಇದ್ದವು ಉಳ್ಕಂಡ್ವು. ಈಗಿರೋದೆಲ್ಲ ಆ ಗಟ್ಟಿಗಳ ಸಂತಾನ. ಪುಡಿ ಅಂದ್ರೆ ಅವಕ್ಕೆ ಭಯ ಇಲ್ಲ.”

ಮಹದೇವಪ್ಪನವರು ಸಾವಧಾನವಾಗಿ ಕೇಳಿದರು. ಅವರ ಕೋಳಿಮನೆಯಲ್ಲೂ ಬೇದಿ ಹೊಕ್ಕಿತ್ತು, ಉಳಿದ ಕೋಳಿಗಳನ್ನು ತಳಿಗೆಂದು ಬೇರೆ ತಾಲ್ಲೂಕುಗಳಿಗೆ ಮಾರುವ ಏರ್ಪಾಡಾಗಿತ್ತು. ಅವರು ಹೇಳಿದ್ದಿಷ್ಟೆ. ಹಳದಿ ಪುಡಿಯಿಂದ ವಾಸಿಯಾಗದ ಕೋಳಿ ಕಾಯಿಲೆ ಇಲ್ಲವೆಂದು ಮಂಡಲಿ ಹೋದ ವರ್ಷವೇ ಪ್ರಕಟಿಸಿದೆ. ಇದು ವಾಸಿಯಾಗುತ್ತಿಲ್ಲ. ಆದಕಾರಣ ಇದು ಕಾಯಿಲೆಯಲ್ಲ. ಸದಸ್ಯರು ಅದರಲ್ಲಿ ತಪ್ಪು ಕಾಣದೆ ಕೈ ಎತ್ತಿದರು. ಕಾಯಿಲೆ ಇಲ್ಲದ ಕೋಳಿಗಳು ಮಾರನೆಯ ದಿನವೇ ಲಾರಿಯಲ್ಲಿ ರಾವಂದೂರಿನ ಕಡೆ ಹೊರಟವು.

ಲಾರಿಗೆ ತುಂಬುವಾಗ ಒಂದು ಹುಂಜ ನೀಲಕಂಠಸ್ವಾಮಿಯ ಎಡಗೈ ಕಿರುಬೆರಳನ್ನು ಕುಕ್ಕಿತು. ಬೆರಳು ಊದಿತು. ಆಸ್ಪತ್ರೆಯ ಡಾಕ್ಟರು ಗುಳಿಗೆ ಕೊಟ್ಟರು, ಬಿಚ್ಚಿ ನೋಡಿದರೆ ಒಳಗಿದ್ದದ್ದು ಅದೇ ಹಳದಿ ಪುಡಿ. ಗುಳಿಗೆ ಮುಗಿಯಿತು, ಬಾವು ಅಂಗೈಗೆ ಇಳಿಯಿತು. ಮೈಸೂರಿನ ದೊಡ್ಡಾಸ್ಪತ್ರೆಗೆ ಹೋಗದಿದ್ದರೆ ಕೈಯೇ ಹೋದೀತೆಂದು ಡಾಕ್ಟರು ಹೇಳಿದರು.

ನೀಲಕಂಠಸ್ವಾಮಿ ಹೆದರಿದ. ಅದು ಅವನು ದಿನವೂ ಇಷ್ಟಲಿಂಗವನ್ನು ಇಟ್ಟುಕೊಂಡು ಪೂಜಿಸುವ ಅಂಗೈ. ಅದು ಹೋದರೆ ಲಿಂಗವನ್ನು ಎಲ್ಲಿಡಲಿ ಎಂದು ಸರ್ವಮಂಗಳಳ ಮುಂದೆ ಗಟ್ಟಿಯಾಗಿ ಅತ್ತ. ಮಂಡಲಿಗೆ ರಜಾ ಅರ್ಜಿ ಹಾಕಿದ. ಗುಮಾಸ್ತರು ಮರ್ಯಾದೆಯಿಂದಲೇ ವಿವರಿಸಿದರು: ರಜಾ ಕಾಯಿಲೆಗೆ ಸಿಗುತ್ತದೆ, ಇದು ಕೋಳಿಯಿಂದ ಬಂದದ್ದು, ಕೋಳಿಗೆ ಕಾಯಿಲೆ ಇಲ್ಲ, ಇಲ್ಲದ್ದು ಅಂಟುವುದು ಹೇಗೆ?

ಅವನು ಹೇಳದೆ ಕೇಳದೆ ಬಸ್ಸು ಹತ್ತಿದ. ಮೈಸೂರಿನಲ್ಲಿ ಬೆರಳು ತೆಗೆದರು, ಅಂಗೈ ಉಳಿಯಿತು. ಕಟ್ಟು ಬಿಚ್ಚಿದ ದಿನ ಲಿಂಗವನ್ನು ಅಂಗೈಯಲ್ಲಿಟ್ಟು ನೋಡಿ, ನಿಲ್ಲುತ್ತದೆಂದು ಖಾತರಿ ಮಾಡಿಕೊಂಡು ಕೆಲಸಕ್ಕೆ ಹಾಜರಾದ. ಮೇಜಿನ ಮೇಲೆ ಮೆಮೊ ಕಾದಿತ್ತು.

“ರೋಗರಹಿತ ಪ್ರದೇಶದ ನೌಕರರಾದ ನೀವು, ರೋಗವಿಲ್ಲದ ಬೆರಳೊಂದನ್ನು ಪೂರ್ವಾನುಮತಿ ಪಡೆಯದೆ ತೆಗೆಸಿಕೊಂಡಿದ್ದೇಕೆ? ಉಳಿದ ಒಂಬತ್ತರ ವಿಷಯದಲ್ಲಿ ನಿಮ್ಮ ಉದ್ದೇಶವೇನು?”

ಕೆಲಸ ಹೋದರೆ ಮನೆ ನಡೆಯುವಂತಿರಲಿಲ್ಲ. ಉಳಿದವುಗಳ ಬಗ್ಗೆ ತನಗೆ ಯಾವ ದುರುದ್ದೇಶವೂ ಇಲ್ಲವೆಂದು ನೀಲಕಂಠಸ್ವಾಮಿ ಬರೆದುಕೊಟ್ಟ. ಮಹದೇವಪ್ಪನವರು ದೊಡ್ಡ ಮನಸ್ಸು ಮಾಡಿ, ಇದೊಂದು ಸಲಕ್ಕೆ ಮನ್ನಿಸಿದರು.

ಬಿಳಿಕೆರೆಗೆ ಹೋದಾಗ ಚಾಮುಂಡಮ್ಮ ತನ್ನ ಕೊನೆಯ ಹೇಟೆಗೆ ಹಿತ್ತಲಲ್ಲಿ ಗುಂಡಿ ತೋಡುತ್ತಿದ್ದಳು. ಮಜ್ಜಿಗೆ ಕೊಡುವ ಚೈತನ್ಯ ಅವಳಲ್ಲಿ ಉಳಿದಿರಲಿಲ್ಲ. ಇದಕ್ಕೇನಾಗಿತ್ತವ್ವ ಎಂದು ಅವನು ಕೇಳಿದ.

“ಏನೂ ಆಗಿರ್ನಿಲ್ಲ ಬುಡಪ್ಪ. ಕಾಯ್ಲೆ ಇಲ್ಲ ಅಂತ ತಮಟೆ ಒಡ್ಸವ್ರಲ್ಲ. ಸುಮ್ಕೆ ಸತ್ತೋಯ್ತು,” ಎಂದಳು ಮುದುಕಿ. ಆಮೇಲೆ ಅವನ ಕೈ ನೋಡಿದಳು. “ನೀನ್ಯಾಕಪ್ಪ, ಕಾಯ್ಲೆ ಇಲ್ದಿದ್ ಬೆಳ್ಳ ಕೂಯ್ಸ್ಕಂಡೆ?”

ನೀಲಕಂಠಸ್ವಾಮಿ ಕೈಯನ್ನು ಪಂಚೆಯ ಮರೆಗೆ ಎಳೆದುಕೊಂಡ.

“ತಪ್ಪಾಯ್ತು ಕಣವ್ವ,” ಎಂದ. “ಇನ್ಮೇಲೆ ಕೇಳ್ಕಂಡು ಕೂಯ್ಸ್ಕತೀನಿ.”